ಬಂದೂಕಿನ ಬಾಯಿ ಹೊಲಿಯುವ ಉಚ್ಚೆಂಗಮ್ಮ

ಹೊಸಪೇಟೆ ಸ್ಟೇಷನ್ನಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಪಾರ್ಸಲ್ ಕೋಣೆಯ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಕುಳಿತ ಹೆಂಗಸೊಬ್ಬಳು ಎದುರು ನಿಂತವನ ಕೈಯಿಂದ ಬಂದೂಕು ಇಸಿದುಕೊಂಡು, ಅದರ ನಳಿಗೆಯೊಳಗೆ ಕಬ್ಬಿಣದ ಗಜ ಇಳಿಸುತ್ತಾಳೆ. ಗಜ ತಳ ಮುಟ್ಟಿದ ಕೂಡಲೇ ನಳಿಗೆಯ ಬಾಯಿಗೆ ಸರಿಯಾಗಿ ಹೆಬ್ಬೆರಳು ಒತ್ತಿ ಗುರುತು ಹಿಡಿಯುತ್ತಾಳೆ. ಹಾಗೇ ಹೊರಗೆಳೆದು ನಳಿಗೆಯ ಹೊರಮೈಗೆ ಇಟ್ಟು ನೋಡುತ್ತಾಳೆ. ಗಜದ ತುದಿ ಮದ್ದಿಗೆ ಕಿಡಿ ಕೊಡುವ ಕೇಪು ಕೂರಿಸುವ ಜಾಗದವರೆಗೆ ಬಂದರೆ ಬಂದೂಕು ಖಾಲಿ. ಮೂರು ನಾಲ್ಕು ಬೆರಳು ಕಡಿಮೆ ಬಿದ್ದರೆ ಒಳಗೆ ಮದ್ದು, ಗುಂಡು ಕೂತಿದೆ ಎಂದೇ ಅರ್ಥ.

"ಖಾಲಿ ಐತ್ರಿ," ಎನ್ನುತ್ತಾಳೆ ಉಚ್ಚೆಂಗಮ್ಮ. ಆಮೇಲೆ ಬಂದೂಕನ್ನು ಗೋಣಿಚೀಲಕ್ಕೆ ಇಳಿಸಿ, ದಬ್ಬಣಕ್ಕೆ ಸುತಳಿ ಪೋಣಿಸಿ ಬಾಯಿ ಹೊಲಿಯುತ್ತಾಳೆ. ಪಾರ್ಸಲ್ ಗುಮಾಸ್ತರು ಗಂಟಿನ ಮೇಲೆ ಅರಗಿನ ಮುದ್ರೆ ಒತ್ತುತ್ತಾರೆ. ಮುಂದಿನವನು ಮುಂದೆ ಬರುತ್ತಾನೆ.

ನಿಜ ಹೇಳಬೇಕೆಂದರೆ ನಾನು ಈ ಊರಿಗೆ ಬಂದದ್ದು ಹಂಪಿಯ ಮೇಲೆ ಬರೆಯಲು. ಆದರೆ ಹಂಪಿಯ ಕಲ್ಲುಗಳ ಬಗ್ಗೆ ಬರೆದವರು ಆ ಕಲ್ಲುಗಳಿಗಿಂತ ಹೆಚ್ಚಾಗಿದ್ದಾರೆ. ಕಲ್ಲುಗಳಿಗೆ ಅವಸರವೂ ಇಲ್ಲ, ಇನ್ನೊಂದು ವಾರ ಕಾಯುತ್ತವೆ. ಸಂಪಾದಕರು ಬೈದರೆ ಬೈಸಿಕೊಂಡರಾಯಿತು.

ರೈಲಿನಲ್ಲಿ ಬಂದೂಕು ಒಯ್ಯುವವರಿಗೆ ಇಲ್ಲಿ ನಡೆಯುವ ನಿಯಮ ನಾಲ್ಕೇ ಮಾತಿನದು. ಲೈಸೆನ್ಸ್ ತೋರಿಸಬೇಕು. ಬಂದೂಕು ಖಾಲಿ ಇರಬೇಕು. ಚೀಲದಲ್ಲಿ ಹೊಲಿದು ಗಾರ್ಡಿನ ಡಬ್ಬಿಗೆ ಒಪ್ಪಿಸಬೇಕು. ಮದ್ದು, ಕೇಪು ಜನ ಕೂರುವ ಡಬ್ಬಿಯೊಳಗೆ ಬರಕೂಡದು. ಓದಲು ಅರ್ಧ ನಿಮಿಷ ಸಾಕು. ಆದರೆ ಕಾಡುಹಂದಿಯಿಂದ ಬೆಳೆ ಕಾಯುವ ರೈತನಿಗೆ ಬಂದೂಕು ಎಂದರೆ ಕುಡುಗೋಲಿನಂತೆ ಮನೆಯ ಸಾಮಾನು. ಹೋದ ವಾರ ಒಬ್ಬ ಮುದುಕಿ ಮಗನ ಕೇಪುಗಳನ್ನು ಎಲೆಯಡಿಕೆ ಸಂಚಿಯಲ್ಲಿ ಸುಣ್ಣದ ಡಬ್ಬಿಯ ಪಕ್ಕಕ್ಕಿಟ್ಟುಕೊಂಡು ಬಂದಿದ್ದಳಂತೆ.

"ಅಡಿಕಿ ಅಂತ ಕಡದ್ರ ಏನ್ ಗತಿ ಬೇ ಅಂದೆ," ಎಂದು ಉಚ್ಚೆಂಗಮ್ಮ ನಗುತ್ತಾಳೆ. "ನನಗ ಕಡಿಯಾಕ ಹಲ್ಲರ ಎಲ್ಲಿ ಅದಾವ ತಂಗಿ ಅಂದ್ಲ ನೋಡ್ರಿ ಮುದುಕಿ!"

ದಿನಕ್ಕೆ ನಲವತ್ತು ಐವತ್ತು ಗಂಟು ಹೊಲಿಯುತ್ತಾಳೆ. ಹೆಚ್ಚಿನವು ಕಂಪ್ಲಿಯ ಕಂಬಳಿ, ಪೇಟೆಯ ಬಟ್ಟೆಬರೆ. ಬಂದೂಕು ವಾರಕ್ಕೆ ಎರಡೋ ಮೂರೋ. ಡಿಸೆಂಬರ್ ಕೊನೆಗೆ ಮಾತ್ರ ದಿನಕ್ಕೆ ಹದಿನೈದು ಬರುತ್ತವೆ. ಲೈಸೆನ್ಸಿಗೆ ಹೊಸ ವರ್ಷದ ಮುದ್ರೆ ಹಾಕಿಸಲು ತಾಲ್ಲೂಕಿನವರೆಲ್ಲ ಬಂದೂಕು ಸಮೇತ ಬಳ್ಳಾರಿಯ ಕಚೇರಿಗೆ ಹೋಗಬೇಕು. ಸಂಡೂರಿನವರು ಮಾತ್ರ ಈ ಸಾಲಿನಲ್ಲಿ ಇಲ್ಲ, ಅವರದು ಸಂಸ್ಥಾನ, ಅವರ ಮುದ್ರೆ ಬೇರೆ.

ಈಕೆ ರೈಲು ಕಂಪನಿಯ ನೌಕರಳಲ್ಲ. ತೋಳಿಗೆ ಬಿಲ್ಲೆ ಇಲ್ಲ. ಗಂಡ ಜಂಬಯ್ಯ ಇದೇ ಸ್ಟೇಷನ್ನಿನ ಹಮಾಲ. ಇಪ್ಪತ್ತೈದನೆಯ ಇಸವಿಯಲ್ಲಿ ಒಂದು ಬಂದೂಕಿನ ಚೀಲವನ್ನು ಗಾರ್ಡಿನ ಡಬ್ಬಿಗೆ ಏರಿಸುವಾಗ ಬಂದೂಕಿನ ಹಿಂಭಾಗ ಮೆಟ್ಟಿಲಿಗೆ ಬಡಿದು ಗುಂಡು ಹಾರಿತು. ಜಂಬಯ್ಯನ ಬಲಗೈ ಮಣಿಕಟ್ಟಿನವರೆಗೂ ಹೋಯಿತು. ಖಾಲಿ ಎಂದು ಹೇಳಿದ್ದ ಮಾಲೀಕ ಸುಳ್ಳುಗಾರನೇನೂ ಅಲ್ಲ. ಅವನ ತಮ್ಮ ರಾತ್ರಿ ಹಂದಿಗೆಂದು ಮದ್ದು ತುಂಬಿ, ಹಂದಿ ಬಾರದ್ದಕ್ಕೆ ಹಾಗೇ ಗೋಡೆಗೆ ತೂಗುಹಾಕಿ ಮಲಗಿದ್ದ. ಅಣ್ಣನಿಗೆ ಹೇಳಲು ಮರೆತ, ಅಷ್ಟೇ.

"ಎಲ್ಲಾರೂ ಖಾಲಿ ಐತಿ ಅಂತ ಅಂತಾರ್ರಿ," ಎನ್ನುತ್ತಾಳೆ ಉಚ್ಚೆಂಗಮ್ಮ. "ತುಂಬೇತಿ ಅಂತ ಹೇಳಿ ಯಾವನರ ತಂದು ಕೊಟ್ಟಾನೇನು?"

ಆಗಿನ ಸ್ಟೇಷನ್ ಮಾಸ್ಟರು ಕನಿಕರದಿಂದ ಇವಳಿಗೆ ಹೊಲಿಗೆಯ ಕೆಲಸ ಕೊಟ್ಟರು. ಗಜದ ಅಳತೆ ಹೇಳಿಕೊಟ್ಟವನು ಜಂಬಯ್ಯನೇ. ಹನ್ನೊಂದು ವರ್ಷದಿಂದ ಇವಳು ಹೊಲಿದ ಚೀಲಗಳನ್ನು ಅವನು ಉಳಿದ ಎಡಗೈಯಿಂದ ಎತ್ತಿ ಗಾಡಿಗೆ ಏರಿಸುತ್ತಾನೆ. ಅಳತೆ ಎಲ್ಲೂ ಬರೆದಿಟ್ಟ ನಿಯಮವಲ್ಲ, ಇವಳ ಹಟ ಅಷ್ಟೇ. ಈಗಿನ ಮಾಸ್ಟರು ಬಂದು ಎರಡು ತಿಂಗಳಾಗಿದೆ. ನೆಲ್ಲೂರಿನವರು, ಕನ್ನಡವನ್ನು ಪುಸ್ತಕದಿಂದ ಕಲಿತವರು, ಗಾಡಿ ಹೊತ್ತಿಗೆ ಸರಿಯಾಗಿ ಬಿಡಬೇಕು ಎನ್ನುವವರು.

ಈ ದಿನ ಮೂವತ್ತೊಂದನೆಯ ತಾರೀಖು, ಮುದ್ರೆಗೆ ಕಡೆಯ ದಿನ. ಏಳೂವರೆಯ ಬಳ್ಳಾರಿ ಪ್ಯಾಸೆಂಜರ್ ಬರುವ ಹೊತ್ತಿಗೆ ಸಾಲಿನಲ್ಲಿ ಇಬ್ಬರು ಉಳಿದಿದ್ದಾರೆ. ಮುಂದೆ ಕಂಪ್ಲಿಯ ಕಬ್ಬಿನ ಸಾವ್ಕಾರ ದೊಡ್ಡಬಸಪ್ಪ, ಹಿಂದೆ ಮರಿಯಮ್ಮನಹಳ್ಳಿಯ ಪಾಲಪ್ಪ. ಉಚ್ಚೆಂಗಮ್ಮ ಸಾವ್ಕಾರನ ಬಂದೂಕಿಗೆ ಗಜ ಇಳಿಸುತ್ತಾಳೆ, ಹೊರಗಿಟ್ಟು ನೋಡುತ್ತಾಳೆ. ನಾಲ್ಕು ಬೆರಳು ಕಡಿಮೆ. ಇನ್ನೊಮ್ಮೆ ಇಳಿಸಿದರೂ ನಾಲ್ಕೇ ಬೆರಳು.

"ತುಂಬೇತ್ರಿ ಸಾವ್ಕಾರ್ರ."

"ಏನ್ ತುಂಬೇತಿ? ದೀಪಾವಳಿಗೆ ಹೊಡದು ಜಂತಿಗೆ ಕಟ್ಟಿದ್ದು, ನಿನ್ನೆ ಬಿಚ್ಚೀನಿ. ಆಣಿ ಮಾಡ್ಲೇನು? ಹೊಲಿ ಜಲ್ದಿ, ಗಾಡಿ ಬಂತು!"

"ಆಣಿ ಬ್ಯಾಡ್ರಿ. ನೀರು ಹೊಯ್ದು ತಗದು ನೋಡೋಣ."

"ಲೇ ಯವ್ವಾ, ಇವತ್ತು ಮುದ್ರಿ ಬೀಳ್ಲಿಲ್ಲಂದ್ರ ಬಂದೂಕು ಸರ್ಕಾರಕ್ಕ ಹೋಕ್ಕೈತಿ. ಹಂದಿ ಕಾಯಾಕ ನೀ ಬರ್ತಿಯೇನು ನಮ್ ತ್ವಾಟಕ್ಕ?"

ಹಿಂದಿನಿಂದ ಪಾಲಪ್ಪನೂ ದನಿಗೂಡಿಸುತ್ತಾನೆ. "ಹೊಲದು ಬಿಡವ್ವಾ. ನಂದೂ ಖಾಲಿ ಐತಿ, ಎರಡೂ ಒಮ್ಮಿಗೇ ಹೊಲಿ."

ಗಲಾಟೆ ಕೇಳಿ ಮಾಸ್ಟರು ಬರುತ್ತಾರೆ. "ಮಾಲೀಕರು ಖಾಲಿ ಎಂದು ಹೇಳಿದ ಮೇಲೆ ಮುಗಿಯಿತು. ಅಳೆಯಬೇಕು ಎಂದು ನಿಯಮದಲ್ಲಿ ಎಲ್ಲಿದೆ? ಹೊಲಿ."

ಉಚ್ಚೆಂಗಮ್ಮ ದಬ್ಬಣ ಕೆಳಗಿಡುತ್ತಾಳೆ. ಪಕ್ಕದಲ್ಲಿ ನಿಂತ ಗಂಡನ ಕಡೆ ಒಮ್ಮೆ ನೋಡುತ್ತಾಳೆ. "ಸ್ವಾಮಿ, ಇವಗ ಇನ್ನೊಂದು ಕೈ ಉಳದೈತ್ರಿ," ಎನ್ನುತ್ತಾಳೆ.

ಅಷ್ಟರಲ್ಲಿ ಗಾರ್ಡು ಸೀಟಿ ಊದುತ್ತಾನೆ, ಗಾಡಿ ಹೊರಟುಹೋಗುತ್ತದೆ. ಸಾವ್ಕಾರ ರುಮಾಲು ಬಿಚ್ಚಿ ನೆಲಕ್ಕೆ ಎಸೆಯುತ್ತಾನೆ.

ಜಂಬಯ್ಯ ನಳಿಗೆಗೆ ನೀರು ಹೊಯ್ಯುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು, ತುದಿಗೆ ತಿರುಪು ಇರುವ ಇನ್ನೊಂದು ಗಜವನ್ನು ಇಳಿಸಿ ತಿರುವಿ ಎಳೆಯುತ್ತಾರೆ. ಹೊರಗೆ ಬಂದದ್ದು ಮದ್ದಲ್ಲ, ಕೆಸರು. ಮತ್ತೆ ಎಳೆದರೆ ಮತ್ತೂ ಕೆಸರು, ಅದರೊಳಗೆ ಸತ್ತ ಹಸಿರು ಹುಳುಗಳು. ಜಂತಿಯಲ್ಲಿ ತೂಗಿದ್ದ ಎರಡು ತಿಂಗಳಲ್ಲಿ ಕುಂಬಾರ ಹುಳ ನಳಿಗೆಯೊಳಗೆ ಹೊಕ್ಕು ಮಣ್ಣಿನ ಗೂಡು ಕಟ್ಟಿ, ಮರಿಗಳಿಗೆಂದು ಹುಳು ತುಂಬಿಟ್ಟಿದೆ!

ಕಟ್ಟೆಯ ಮೇಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ಪಾಲಪ್ಪ ನಗುತ್ತಾನೆ. ನಾನೂ ನಕ್ಕೆ, ಬಚ್ಚಿಟ್ಟು ಏನು ಪ್ರಯೋಜನ. ಉಚ್ಚೆಂಗಮ್ಮನ ಮುಖ ನೋಡಿದ ಮೇಲೆ ನನಗೆ ನಾಚಿಕೆಯಾಯಿತು.

"ನಿಮ್ ಗಾಡಿ ತಪ್ಪಿಸಿದ್ದು ನನ್ ತಪ್ರಿ ಸಾವ್ಕಾರ್ರ," ಎನ್ನುತ್ತಾಳೆ ಅವಳು. "ಆದ್ರ ಅಳತಿ ತಪ್ಪಿಲ್ಲ. ಒಳಗ ಏನೋ ಇತ್ತಲ್ರಿ."

ಮಧ್ಯಾಹ್ನದ ಗಾಡಿ ನಾಲ್ಕೂವರೆಗೆ ಬಳ್ಳಾರಿ ಮುಟ್ಟುತ್ತದೆ, ಕಚೇರಿ ಐದಕ್ಕೆ ಮುಚ್ಚುತ್ತದೆ. ಗಾಡಿ ತಡವಾಗದಿದ್ದರೆ ಇಬ್ಬರಿಗೂ ಮುದ್ರೆ ಸಿಗುತ್ತದೆ. ಆದರೆ ಮಾಸ್ಟರ ಕೋಪ ಇಳಿದಿಲ್ಲ. "ಇನ್ನು ಅಳತೆ ಬೇಡ. ಮುಂದಿನವರದನ್ನು ಹಾಗೆಯೇ ಹೊಲಿ. ಆಗುವುದಿಲ್ಲ ಎಂದರೆ ನಾಳೆಯಿಂದ ಈ ಕಟ್ಟೆಗೆ ಬರಬೇಡ."

ಪಾಲಪ್ಪ ತಾನೇ ಬಂದೂಕನ್ನು ಚೀಲಕ್ಕೆ ಇಳಿಸಿ ಮುಂದಿಡುತ್ತಾನೆ. ಉಚ್ಚೆಂಗಮ್ಮ ಅಲ್ಲಾಡುವುದಿಲ್ಲ. ಕಣ್ಣಲ್ಲಿ ನೀರು ತುಂಬಿದೆ, ದಬ್ಬಣ ಮಾತ್ರ ನೆಲದ ಮೇಲೇ ಇದೆ. ಹನ್ನೊಂದು ವರ್ಷದ ಅನ್ನ ಈ ಒಂದು ಹೊಲಿಗೆಯ ಮೇಲೆ ನಿಂತಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು.

ಜಂಬಯ್ಯ ಹೆಂಡತಿಯ ಪಕ್ಕ ಕುಕ್ಕರಗಾಲಲ್ಲಿ ಕೂರುತ್ತಾನೆ. "ಹೊಲಿಯೇ. ಏನಾಕ್ಕೈತಿ? ಎತ್ತಾಂವ ನಾನ ಅಲ್ಲೇನು," ಎಂದು ಮೆಲ್ಲಗೆ ಹೇಳಿ, ತನ್ನ ಒಂದೇ ಕೈಯನ್ನು ಚೀಲದ ಬಾಯಿಯ ಮೇಲೆ ಇಡುತ್ತಾನೆ.

ಪಾಲಪ್ಪ ಆ ಕೈಯನ್ನು ನೋಡುತ್ತಾನೆ. ಅವನ ನಗು ಯಾವಾಗ ನಿಂತಿತೋ ನನಗೆ ತಿಳಿಯದು. "ತಡಿ ಜಂಬಣ್ಣ, ಕೈ ತಗಿ," ಎಂದವನೇ ಚೀಲದಿಂದ ಬಂದೂಕು ಹಿರಿದುಕೊಂಡು, ಸೊಂಟದ ಸಂಚಿಯಿಂದ ಒಂದು ಕೇಪು ತೆಗೆದು, ಯಾರಿಗೂ ಏನೂ ಹೇಳದೆ ಗೂಡ್ಸ್ ಶೆಡ್ಡಿನ ಆಚೆಯ ಬಯಲಿಗೆ ನಡೆಯುತ್ತಾನೆ.

ಢಂ ಎನ್ನುತ್ತದೆ. ಬೇವಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಏಳುತ್ತವೆ. ಸಾವ್ಕಾರ ಕುಳಿತಲ್ಲಿಂದ ಎದ್ದು ನಿಲ್ಲುತ್ತಾನೆ.

ಪಾಲಪ್ಪ ವಾಪಸು ಬರುವಾಗ ತಲೆ ತಗ್ಗಿಸಿದ್ದಾನೆ. "ನನ್ ಅಳಿಯ ಹೋದ ವಾರ ಒಯ್ದಿದ್ದ. ಹೊಡದಿದ್ನೋ ಇಲ್ಲೋ ಕೇಳಿದ್ದಿಲ್ರಿ. ಖಾಲಿ ಇದ್ದೀತು ಅನಕೊಂಡಿದ್ದೆ," ಎನ್ನುತ್ತಾನೆ. ಸಂಚಿ ಬಿಚ್ಚಿ ಉಳಿದ ಕೇಪುಗಳನ್ನೂ ಕಟ್ಟೆಯ ಮೇಲೆ ಸುರಿಯುತ್ತಾನೆ.

ಮಾಸ್ಟರು ಪಾಲಪ್ಪನ ಕೈಯಿಂದ ಬಂದೂಕು ಇಸಿದುಕೊಂಡು, ಇನ್ನೂ ಹೊಗೆ ನಾರುವ ನಳಿಗೆಯನ್ನು ಉಚ್ಚೆಂಗಮ್ಮನ ಮುಂದೆ ನೆಟ್ಟಗೆ ಹಿಡಿದು ನಿಲ್ಲುತ್ತಾರೆ. "ಅಳೆಯಮ್ಮಾ," ಎನ್ನುತ್ತಾರೆ.

"ಈಗ ಹೊಡದು ಬಂದಾನಲ್ಲ, ಇನ್ನೂ ಅಳೀಬೇಕೇನು?" ಎಂದು ಸಾವ್ಕಾರ ಕೇಳುತ್ತಾನೆ, ಈ ಸಲ ಮೆತ್ತಗೆ.

"ಅಳೀಬೇಕ್ರಿ." ಸೆರಗಿನಿಂದ ಮುಖ ಒರೆಸಿಕೊಂಡು ಅವಳು ಗಜ ಇಳಿಸುತ್ತಾಳೆ, ಹೆಬ್ಬೆರಳು ಒತ್ತುತ್ತಾಳೆ, ಹೊರಗಿಟ್ಟು ನೋಡುತ್ತಾಳೆ. ಖಾಲಿ. ದಬ್ಬಣ ಎತ್ತಿಕೊಳ್ಳುತ್ತಾಳೆ. ಎರಡೂ ಚೀಲ ಹೊಲಿದಾದ ಮೇಲೆ ಜಂಬಯ್ಯ ಒಂದೊಂದಾಗಿ ಹೆಗಲಿಗೇರಿಸಿ ಒಯ್ಯುತ್ತಾನೆ.

ಮಧ್ಯಾಹ್ನದ ಗಾಡಿ ಹೊತ್ತಿಗೆ ಸರಿಯಾಗಿ ಹೊರಟ ಮೇಲೆ, ನಿನಗೆ ಏನು ಬೇಕಮ್ಮಾ, ಪತ್ರಿಕೆಯಲ್ಲಿ ಬರೆಯುತ್ತೇನೆ, ಕಂಪನಿಯವರು ಬಿಲ್ಲೆ ಕೊಡಲಿ ಎಂದು ಬರೆಯಲೇ ಎಂದು ಕೇಳಿದೆ. ಅವಳು ಸುತಳಿ ಸುತ್ತಿಡುತ್ತ ಗಂಡ ಹೋದ ದಿಕ್ಕಿಗೆ ನೋಡುತ್ತಾಳೆ.

"ಬಿಲ್ಲಿ ಯಾಕ್ರಿ ನನಗ? ಸಂಜೀಕ ಮನಿಗೆ ಹೋಗಿ ತನ್ ರೊಟ್ಟಿ ತಾನ ಮುರಕೊಂಡು ತಿಂತಾನಲ್ರಿ, ಅಷ್ಟ ಸಾಕು."