ಸಬ್‌ಮರೀನಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಮಕ್ಕಳೇ, ಇದೇ ಜಿದ್ದಾದಲ್ಲಿ ನಾನು ಚಿಕ್ಕವನಿದ್ದಾಗ, ಕಡಲು ನೋಡುವುದೆಂದರೆ ನಿಮ್ಮ ಹಾಗೆ ಐಸ್‌ಕ್ರೀಮ್ ತಿನ್ನುತ್ತಾ ಅಡ್ಡಾಡುವುದಲ್ಲ, ನಾನೂ ಅಕ್ಕನೂ ಅಪ್ಪನ ಹಿಂದೆ ಬಂದರಿಗೆ ಹೋಗುವುದು. ಅಪ್ಪ ಹಡಗುಗಳಿಗೆ ರೊಟ್ಟಿ, ತರಕಾರಿ ಒದಗಿಸುತ್ತಿದ್ದರು. ಒಂದು ದಿನ ಅಲ್ಲಿ ಯುದ್ಧ ಮಾಡಿದ ಹಳೆಯ ಸಬ್‌ಮರೀನ್ ಒಂದು ನಿಂತಿತ್ತು. ಕಪ್ಪು ಬೆನ್ನಷ್ಟೇ ನೀರಿನ ಮೇಲೆ ಕಾಣುತ್ತಿತ್ತು. "ಇದು ಎರಡು ಹಡಗು ಮುಳುಗಿಸಿದೆಯಂತೆ" ಎಂದರು ಅಪ್ಪ.

"ಇಬ್ಬರೂ ಇಲ್ಲೇ ನಿಲ್ಲಿ, ಆಯ್ತಾ? ಈಗ ಬಂದೆ" ಎಂದು ಅಕ್ಕನಿಗೆ ಹೇಳಿ, ಟೊಮೆಟೊ ಬುಟ್ಟಿ ಹೊತ್ತು ಅಪ್ಪ ಒಳಗಿಳಿದರು. ಹೇಳಿದ ಮಾತು ಕೇಳುವ ಹುಡುಗನೇ ನಾನು? ಅಕ್ಕ ಆಚೆ ತಿರುಗಿ ನೀರು ಕುಡಿಯುವಷ್ಟರಲ್ಲಿ ದಡದಿಂದ ಸಬ್‌ಮರೀನಿಗೆ ಹಾಕಿದ್ದ ಹಲಗೆ ದಾಟಿ ಓಡಿದೆ. ಕಾವಲಿನವನು ಇನ್ನೊಂದು ಬುಟ್ಟಿ ಎತ್ತಲು ಬಗ್ಗಿದ್ದ. ಅದರ ಬೆನ್ನ ಮೇಲಿದ್ದ ದುಂಡನೆಯ ಬಾಗಿಲ ಬಳಿ ಚಪ್ಪಲಿ ಬಿಚ್ಚಿಟ್ಟೆ. ಯಾರ ಮನೆಗೆ ಹೋದರೂ ಚಪ್ಪಲಿ ಹೊರಗೆ ಬಿಡಬೇಕೆಂದು ಅಮ್ಮ ಕಲಿಸಿದ್ದರಲ್ಲ! ಅಲ್ಲಿಂದ ಎರಡೇ ಹೆಜ್ಜೆಗೆ ಕಡಲು.

ಕಬ್ಬಿಣದ ಏಣಿ ಅಂಗಾಲು ಸುಡುತ್ತಿತ್ತು. ಕೆಳಗೆ ಡೀಸೆಲ್ ವಾಸನೆ, ಬೆವರಿನ ವಾಸನೆ. ದಾರಿ ಬಹಳ ಸಪೂರ. ನಾವಿಕರು ಮಲಗುವ ಹಾಸಿಗೆಯ ಪಕ್ಕದಲ್ಲೇ ಹಡಗು ಮುಳುಗಿಸುವ ಉದ್ದುದ್ದದ ಟಾರ್ಪಿಡೊಗಳು. ಅಪ್ಪ ಎಲ್ಲೂ ಕಾಣಲಿಲ್ಲ. ಅಷ್ಟರಲ್ಲಿ ಯಂತ್ರ ಗುಡುಗಿತು, ಕಾಲಡಿಯ ನೆಲ ನಡುಗಿತು. ಅಯ್ಯೋ, ಮುಳುಗುತ್ತಿದೆ! ಇನ್ನು ಅಮ್ಮನೂ ಇಲ್ಲ, ಅಕ್ಕನೂ ಇಲ್ಲ ಎಂದುಕೊಂಡೆ. ಚಡ್ಡಿ ಒದ್ದೆಯಾಯಿತು. ನಗಬೇಡಿ!

ಮೂಲೆಯಲ್ಲಿ ಮುದುಡಿದ್ದ ನನ್ನನ್ನು ಒಬ್ಬ ನಾವಿಕ ಎತ್ತಿ ಅಪ್ಪನ ಕೈಗೆ ಕೊಟ್ಟ. ಅದು ಬ್ಯಾಟರಿ ಚಾರ್ಜ್ ಮಾಡುವ ಯಂತ್ರದ ಸದ್ದಷ್ಟೇ ಎಂದು ಅಪ್ಪ ಹೇಳುತ್ತಿದ್ದಾಗಲೇ ಮೇಲಿನಿಂದ ಚೀರಾಟ ಕೇಳಿಸಿತು.

ಹತ್ತಿ ಬಂದು ನೋಡಿದರೆ, ಅಕ್ಕ ನನ್ನ ಚಪ್ಪಲಿ ಎದೆಗೊತ್ತಿಕೊಂಡು ನೀರಿನ ಕಡೆ ನನ್ನನ್ನು ಕೂಗುತ್ತಿದ್ದಳು. ಇಬ್ಬರು ನಾವಿಕರು ತೋಳು ಹಿಡಿಯದಿದ್ದರೆ ಹಾರಿಯೇ ಬಿಡುತ್ತಿದ್ದಳು. ಅವಳಿಗೆ ಈಜು ಬರುತ್ತಿರಲಿಲ್ಲ. ನನ್ನನ್ನು ಕಂಡವಳೇ ಬೆನ್ನಿಗೆ ನಾಲ್ಕು ಬಾರಿಸಿದಳು. "ನೀರಿಗೆ ಬಿದ್ದೆ ಅಂತ ಗ್ರಹಿಸಿದೆ ಮಾರಾಯ! ಅಮ್ಮನಿಗೆ ಎಂತ ಹೇಳುವುದು ನಾನು?" ಎಂದು ತಬ್ಬಿಕೊಂಡು ಅತ್ತಳು. ಮನೆ ಮುಟ್ಟುವವರೆಗೂ ಅವಳು ನನ್ನ ಕೈ ಬಿಡಲಿಲ್ಲ.

ಈಗ ನೀವು ಸೋಫಾದಲ್ಲಿ ಕೂತು ಫೋನಿನಲ್ಲೇ ಸಬ್‌ಮರೀನ್ ಓಡಿಸುತ್ತೀರಿ. ಹಡಗು ಮುಳುಗಿದರೆ ಕೇಕೆ ಹಾಕುತ್ತೀರಿ. ಆಡಿ ಮಕ್ಕಳೇ, ಬೇಡ ಎನ್ನುವುದಿಲ್ಲ. ನನಗೆ ಮಾತ್ರ ಈಗಲೂ ಭಯವಾಗುತ್ತದೆ. ಆ ಸಬ್‌ಮರೀನ್ ಮುಳುಗಿಸಿದ ಹಡಗುಗಳಲ್ಲೂ ಯಾರದೋ ತಮ್ಮ ಇದ್ದಿರಬೇಕು, ಯಾವುದೋ ದಡದಲ್ಲಿ ಅವನ ಅಕ್ಕ ಕೂಗಿರಬೇಕು.