ರೇವಣಸಿದ್ದಪ್ಪನ ಫೋನಿನಲ್ಲಿ ಇಲ್ಲದ ಮಾತು

ಶಹಾಪುರದ ಬಜಾರಿನಲ್ಲಿ ನನ್ನದು ಸೀರೆ ಅಂಗಡಿ. ಪಕ್ಕದ್ದು ರೇವಣಸಿದ್ದಪ್ಪನವರ ಪಾತ್ರೆ ಅಂಗಡಿ. ಅಂಗಡಿ ಅವರದೇ ಹೌದು, ಆದರೆ ಅದರಲ್ಲಿ ಕೂತು ವ್ಯಾಪಾರ ಮಾಡುವವರು ಅವರ ಹೆಂಡತಿ ಬಸವೇಶ್ವರಿ. ರೇವಣಸಿದ್ದಪ್ಪನವರಿಗೆ ಹಿಡಿದದ್ದು ಬೇರೆಯೇ ಹುಚ್ಚು: ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕುವುದು. ಕೊಡ ಕೊಳ್ಳಲು ಬಂದವರಿಗೆ ಕೊಡ ತೋರಿಸುವ ಮೊದಲೇ, ಮನೆಯಲ್ಲಿ ಮದುವೆ ವಯಸ್ಸಿಗೆ ಬಂದವರು ಯಾರಿದ್ದಾರೆ ಎಂದು ಕೇಳಿಬಿಡುತ್ತಾರೆ. ದಲ್ಲಾಳಿ ಅಂದರೆ ಸಿಟ್ಟಿಗೇಳುತ್ತಾರೆ. ಒಂದು ಶಾಲು, ಒಂದು ಹೊತ್ತಿನ ಊಟ, ಮದುವೆ ಮನೆಯಲ್ಲಿ ಮುಂದಿನ ಸಾಲಿನ ಕುರ್ಚಿ, ಇಷ್ಟು ಸಿಕ್ಕರೆ ಅವರಿಗೆ ಹೊಟ್ಟೆ ತುಂಬಿತು. ಅವರು ಕೂಡಿಸಿದ ಮದುವೆಗಳಿಗೆ ನನ್ನ ಅಂಗಡಿಯಿಂದಲೇ ಸೀರೆ ಹೋಗುವುದರಿಂದ ಅವರ ಹುಚ್ಚಿನ ಬಗ್ಗೆ ನಾನು ಹೆಚ್ಚು ಮಾತಾಡುವಂತಿಲ್ಲ.

ಅವರ ಹೆಸರು ಬೆಳೆದದ್ದು ಒಂದು ಫೋನಿನಿಂದ. ಹಳೆಯ ಆಂಡ್ರಾಯ್ಡ್ ಫೋನು. ಬಂದ ಕರೆ, ಹೋದ ಕರೆ ಎಲ್ಲವೂ ಅದರಲ್ಲಿ ತಾನಾಗಿಯೇ ರೆಕಾರ್ಡ್ ಆಗುತ್ತಿದ್ದವು. ಆ ಕಡೆಯವರಿಗೆ ಸುಳಿವೂ ಇರುತ್ತಿರಲಿಲ್ಲ. ಮದುವೆಯ ಮಾತುಕತೆಯಲ್ಲಿ ಇವತ್ತು ಅಂದದ್ದನ್ನು ನಾಳೆ ಅಂದೇ ಇಲ್ಲ ಅನ್ನುವ ಜನಕ್ಕೆ ನಮ್ಮಲ್ಲೇನು ಬರವಿಲ್ಲ. ಒಮ್ಮೆ ರಂಗಂಪೇಟೆಯ ಗಂಡಿನ ಕಡೆಯವರು ಮದುವೆ ಹೆಣ್ಣಿನ ಊರಲ್ಲೇ ಆಗಲಿ ಎಂದು ಒಪ್ಪಿ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಹೊತ್ತಿಗೆ ತಿರುಗಿಬಿದ್ದರು. ರೇವಣಸಿದ್ದಪ್ಪ ಫೋನು ತೆಗೆದು, ಸ್ಪೀಕರ್ ಹಚ್ಚಿ, ಹುಡುಗನ ಸೋದರಮಾವನ ಮಾತನ್ನು ಅವನ ಕೆಮ್ಮಿನ ಸಮೇತ ಕೇಳಿಸಿದರು. ಮಾವ ತೆಪ್ಪಗಾದ. ಅವರೊಡನೆ ಫೋನಿನಲ್ಲಿ ಆಡಿದ ಮಾತು ಪಕ್ಕಾ ಎಂದು ಜನ ಅಂದಿನಿಂದ ನಂಬಿದರು. ಆಮೇಲೆ ಯಾರಾದರೂ ಹಿಂದೆ ಸರಿಯುವ ಲಕ್ಷಣ ಕಂಡರೆ ಸಾಕು, ಇವರು ಜೇಬಿಗೆ ಕೈ ಹಾಕಿ "ಹಚ್ಲೇನು?" ಎಂದು ಕೇಳುತ್ತಿದ್ದರು. ಹಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ಆ ಫೋನು ಹೋದ ವರ್ಷ ಒಂದು ಮದುವೆಯ ಅಡುಗೆಮನೆಯಲ್ಲಿ ತೀರಿಕೊಂಡಿತು. ಇವರು ಸಾರಿನ ಪಾತ್ರೆಗೆ ಬಗ್ಗಿ ವಾಸನೆ ನೋಡುವಾಗ ಅಂಗಿಯ ಜೇಬಿನಿಂದ ಜಾರಿ ಸಾರಿನೊಳಗೆ ಬಿತ್ತು. ಕಲಬುರಗಿಯಲ್ಲಿರುವ ಅಳಿಯ ತಾನು ಹೊಸದು ಕೊಂಡಿದ್ದರಿಂದ ತನ್ನ ಹಳೆಯ ಐಫೋನನ್ನು ಮಾವನಿಗೆ ಕೊಟ್ಟ. ಮೊದಮೊದಲು ಇವರ ಸಡಗರ ನೋಡಬೇಕಿತ್ತು. ಬೆನ್ನಿನ ಮೇಲಿನ ಸೇಬು ಹೊರಗೆ ಕಾಣುವಂತೆ ಜೇಬಿಗೆ ಇಡುವುದೇನು, ಯಾದಗಿರಿಯ ದೊಡ್ಡ ಮನೆಗಳಲ್ಲಿ ಅದನ್ನು ಟೀಪಾಯಿಯ ನಡುಮಧ್ಯೆ ಮಲಗಿಸುವುದೇನು! ಫೋಟೋ ಮಾತ್ರ ನಿಜವಾಗಿ ಚೆನ್ನಾಗಿ ಬರುತ್ತಿದ್ದವು. ಹಳೆಯ ಫೋನು ಎಲ್ಲ ಹುಡುಗಿಯರನ್ನೂ ಒಂದೇ ಸಮ ಬೆಳ್ಳಗೆ ಮಾಡಿಬಿಡುತ್ತಿತ್ತು, ಮನೆಗೆ ಹೋಗಿ ನೋಡಿದ ಗಂಡಿನವರು ಮುಖ ಹುಳ್ಳಗೆ ಮಾಡುತ್ತಿದ್ದರು. ಇದರಲ್ಲಿ ಮುಖ ಇದ್ದ ಹಾಗೆ ಇರುತ್ತಿತ್ತು.

ಆಮೇಲೆ ತಾಪತ್ರಯ ಶುರುವಾಯಿತು. ಹಿಂದಕ್ಕೆ ಹೋಗುವ ಬಟನ್ ಎಲ್ಲಿ ಎಂದು ಹುಡುಕಿ ಹುಡುಕಿ ಅಳಿಯನನ್ನು ಬೈದರು. ಬಜಾರಿನ ಯಾವ ಅಂಗಡಿಯ ಚಾರ್ಜರೂ ಅದಕ್ಕೆ ಕೂರಲಿಲ್ಲ, ಹೋದಲ್ಲೆಲ್ಲ ವೈರು ಹೊತ್ತು ತಿರುಗಬೇಕಾಯಿತು. ಮೊದಲು ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಬ್ಲೂಟೂತಿನಲ್ಲಿ ಬಯೋಡಾಟಾ ದಾಟಿಸುತ್ತಿದ್ದರು. ಈಗ ಎದುರಿನವರದು ಆಂಡ್ರಾಯ್ಡ್ ಆಗಿದ್ದರೆ ಅದು ಹೋಗುತ್ತಲೇ ಇರಲಿಲ್ಲ, ಎಲ್ಲರದೂ ಆಂಡ್ರಾಯ್ಡೇ ಆಗಿತ್ತು. ಇಷ್ಟನ್ನೂ ಅವರು ಸಹಿಸಿಕೊಂಡರು. ಸಹಿಸಲಾಗದ್ದು ರೆಕಾರ್ಡಿನ ವಿಷಯ ಒಂದೇ.

ಮೊಬೈಲ್ ಅಂಗಡಿಯ ಮನ್ಸೂರಅಲಿ ಫೋನನ್ನು ಹಿಂದೆ ಮುಂದೆ ನೋಡಿ ಹೇಳಿದ: "ಇದರಾಗ ಚುಪಚಾಪ ರೆಕಾರ್ಡ್ ಆಗಂಗಿಲ್ರಿ ಕಾಕಾ. ನೀವು ಬಟನ್ ಒತ್ತಬೇಕು. ಒತ್ತಿದ ಕೂಡ್ಲೇ, ರೆಕಾರ್ಡ್ ಆಗಾಕತ್ತದ ಅಂತ ಆ ಕಡಿಯವರಿಗಿ ಅದು ತಾನ ಹೇಳ್ತದ."

"ಹೇಳದಂಗ ಮಾಡಾಕ ಬರಂಗಿಲ್ಲೇನೋ?"

"ಬರಂಗಿಲ್ರಿ. ಇದು ಭಾಳ ಶರೀಫ ಫೋನ್ ಅದ, ಕಳ್ಳತನ ಗೊತ್ತಿಲ್ಲ."

ಆದರೂ ಒಮ್ಮೆ ಒತ್ತಿ ನೋಡಿದರು. ಆ ಕಡೆ ಇದ್ದವರು ಗುರುಮಠಕಲ್ಲಿನ ಒಬ್ಬ ಹಿರಿಯರು. ಮಾತಿನ ನಡುವೆ ಯಾವುದೋ ದನಿ ಇಂಗ್ಲಿಷಿನಲ್ಲಿ ಏನೋ ಸಾರಿದ್ದೇ ತಡ, "ಯಾರ್ರಿ ಅದು, ನಿಮ್ಮ ಬಾಜೂಕ ಕುಂತೋರು?" ಎಂದು ಕೇಳಿ ಫೋನು ಇಟ್ಟುಬಿಟ್ಟರು. ಆ ಸಂಬಂಧ ಮುಂದೆ ಹೋಗಲಿಲ್ಲ.

ರೇವಣಸಿದ್ದಪ್ಪ ಮತ್ತೆ ಆ ಬಟನ್ ಮುಟ್ಟಲಿಲ್ಲ. ಆದರೆ ತಮ್ಮ ಫೋನಿನಲ್ಲಿ ರೆಕಾರ್ಡ್ ಇಲ್ಲವೆಂದು ಯಾರಿಗೂ ಹೇಳಲೂ ಇಲ್ಲ. ಜೇಬಿಗೆ ಕೈ ಹಾಕುವುದು, "ಹಚ್ಲೇನು?" ಅನ್ನುವುದು ಮೊದಲಿನಂತೆಯೇ ನಡೆಯಿತು. ಜನ ಮೊದಲಿಗಿಂತ ಹೆಚ್ಚು ಹೆದರಿದರು. ಇಷ್ಟು ದೊಡ್ಡ ಫೋನು ಅಂದಮೇಲೆ ಇನ್ನೂ ಸ್ವಚ್ಛವಾಗಿ ರೆಕಾರ್ಡ್ ಆಗಿರಬೇಕು ಎಂದು ಅವರ ಲೆಕ್ಕ. ಗುಟ್ಟು ಗೊತ್ತಿದ್ದದ್ದು ಮನ್ಸೂರಅಲಿಗೆ ಮತ್ತು ನನಗೆ. ಹೀಗೆ ಸುಳ್ಳು ಹೇಳಿಕೊಂಡು ತಿರುಗಬೇಡಿ ಎಂದು ನಾನು ರೇಗಿದೆ.

"ಸುಳ್ಳು ಎಲ್ಲಿ ಹೇಳೀನೋ ತಮ್ಮ? ಹಚ್ಲೇನು ಅಂತ ಕೇಳೀನಿ. ಹಚ್ರಿ ಅಂತ ಇಲ್ಲೀತನ ಯಾರರ ಅಂದಾರೇನು?" ಎಂದು ನನ್ನನ್ನೇ ಕೇಳಿದರು.

ಹೀಗಿರುವಾಗ ಸಗರದ ನೀಲಕಂಠಪ್ಪನವರ ಮಗಳು ಕಲ್ಪನಾಳ ಸಂಬಂಧ ಬಂತು. ಹುಡುಗಿ ಬಿ.ಎಸ್ಸಿ ಓದಿ, ಸೈದಾಪುರದ ಹತ್ತಿರ ಕಡೇಚೂರಿನ ಒಂದು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಯಾದಗಿರಿಯಲ್ಲಿ ಗೆಳತಿಯರ ಜೊತೆ ಕೋಣೆ ಮಾಡಿಕೊಂಡು, ಅಲ್ಲಿಂದ ಕಂಪನಿ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಗಂಡು ಸುರಪುರದ ಗೊಲ್ಲಾಳಮ್ಮನವರ ಮಗ ಬಸವಲಿಂಗ. ತಂದೆ ಇಲ್ಲ, ಬೀಜ-ಗೊಬ್ಬರದ ವ್ಯಾಪಾರ, ಯಾದಗಿರಿಯಲ್ಲೂ ಹೊಸ ಅಂಗಡಿ ತೆರೆದಿದ್ದ. ಮದುವೆಯ ನಂತರ ಯಾದಗಿರಿಯಲ್ಲೇ ಮನೆ ಮಾಡುವವನಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು.

ಕಲ್ಪನಾ ಒಂದು ದಿನ ತಾನೇ ಅಂಗಡಿಗೆ ಬಂದಳು. "ಕಾಕಾ, ಹುಡುಗ ಚೊಲೊ ಕಾಣ್ತಾನ. ಆದ್ರ ನಾ ನೌಕರಿ ಬಿಡಂಗಿಲ್ಲ," ಎಂದಳು. "ಲ್ಯಾಬಿನಾಗ ನನ್ನ ಹೆಸರು ಹಿಡಿದು ಕರೀತಾರ. ಯಾರ ಮಗಳು, ಯಾವೂರಿಂದ ಬಂದಾಕಿ ಅಂತ ಯಾರೂ ಕೇಳಂಗಿಲ್ಲ. ಅದು ಹೋದ್ರ ನನ್ನದು ಅನ್ನೋದು ಏನೂ ಉಳ್ಯಂಗಿಲ್ಲ. ಅದಕ್ಕ ಒಪ್ಪಿದ್ರ ಅಷ್ಟ ಮುಂದಿನ ಮಾತು."

ರೇವಣಸಿದ್ದಪ್ಪ ಆ ಸಂಜೆ ಮನೆಯಿಂದ ಗೊಲ್ಲಾಳಮ್ಮನವರಿಗೆ ಫೋನು ಮಾಡಿ ಕೇಳಿದರು. "ಮಾಡ್ಲಿ ಬಿಡ್ರಿ, ಯಾದಗಿರ್ಯಾಗ ಇರೋರು, ನಮಗೇನು ಅಡ್ಡಿ?" ಎಂದು ಆಕೆ ಅಂದರಂತೆ. ಅದನ್ನು ನೀಲಕಂಠಪ್ಪನವರಿಗೆ ತಿಳಿಸಿದರು. ಈ ಮಾತನ್ನು ಬಸವಲಿಂಗನ ಬಾಯಿಂದಲೇ ಒಮ್ಮೆ ಕೇಳಬೇಕು ಎಂದು ಕಲ್ಪನಾ ಹಟ ಹಿಡಿದಳು. ಆಗ ಅಪ್ಪ, "ಅವರ ಮಾತು ರೇವಣಸಿದ್ದಪ್ಪನ ಫೋನಿನ್ಯಾಗ ಅದ, ನೀ ಬೇಫಿಕರ ಇರು," ಎಂದು ಸಮಾಧಾನ ಮಾಡಿದರು. ಆ ಫೋನಿನ ಧೈರ್ಯದ ಮೇಲೆಯೇ ಅವಳು ನಿಶ್ಚಯದ ಉಂಗುರಕ್ಕೆ ಬೆರಳು ಕೊಟ್ಟಳು.

ನಿಶ್ಚಯ ಮುಗಿದು ಎಲ್ಲರೂ ಸೀರೆ ಆರಿಸುವ ಹೊತ್ತಿಗೆ ಸುರಪುರದಿಂದ ಮಾತು ಬಂತು. ಸೊಸೆ ಸುರಪುರದ ಮನೆಯಲ್ಲೇ ಇರಬೇಕು, ಹುಡುಗ ಯಾದಗಿರಿಗೆ ಹೋಗಿಬರುತ್ತಾನೆ, ಹುಡುಗಿ ನೌಕರಿಗೆ ರಾಜೀನಾಮೆ ಕೊಟ್ಟು ಬರಲಿ. ನೀಲಕಂಠಪ್ಪ ಗಾಬರಿಯಾಗಲಿಲ್ಲ. ಸುರಪುರಕ್ಕೆ ಹೋಗಿ ಎಲ್ಲರೆದುರಿಗೆ ರೆಕಾರ್ಡ್ ಹಚ್ಚಿಸಿದರಾಯಿತು ಎಂದು ರೇವಣಸಿದ್ದಪ್ಪನವರನ್ನು ಕರೆದರು. ಇವರು ನನ್ನ ಅಂಗಡಿಗೆ ಬಂದು, "ನೀನೂ ಬಾರೋ" ಅಂದರು. ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ಮೊದಲೇ ಹೇಳಿದ್ದೆನಲ್ಲ ಎಂದು ಬೈಯಬೇಕೆಂದಿದ್ದವನು ಸುಮ್ಮನೆ ಚಪ್ಪಲಿ ಮೆಟ್ಟಿದೆ.

ಗೊಲ್ಲಾಳಮ್ಮನವರ ಪಡಸಾಲೆಯಲ್ಲಿ ಚಹಾ ಆಯಿತು, ಮಳೆಯ ಮಾತಾಯಿತು. ಕಲ್ಪನಾ ರಜೆ ಹಾಕಿ ಬಂದಿದ್ದಳು. ಮದುವೆಗೆ ಮುಂಚೆ ಹುಡುಗಿ ಅತ್ತೆಯ ಮನೆಗೆ ಹೀಗೆ ಮಾತಿಗೆ ಬಂದು ಕೂರುವ ರೂಢಿ ನಮ್ಮಲ್ಲಿಲ್ಲ. ಅವಳು ಬಂದು ಕೂತಿದ್ದಳು.

"ನೌಕರಿ ಮಾಡ್ಲಿ ಅಂತ ನೀವ ಅಂದಿದ್ರಲ್ರಿ ಅಕ್ಕಾರ," ಎಂದು ನೀಲಕಂಠಪ್ಪ ಮೆತ್ತಗೆ ತೆಗೆದರು.

"ನಾ ಯಾವಾಗ ಅಂದೀನ್ರಿ? ಸೊಸಿ ದುಡಿದು ತರೋ ಅಷ್ಟು ಬಡತಾನ ಬಂದಿಲ್ಲ ನಮಗ," ಎಂದರು ಗೊಲ್ಲಾಳಮ್ಮ.

"ರೇವಣಸಿದ್ದಪ್ಪನ ಫೋನಿನ್ಯಾಗ ಅದ್ರಿ ನಿಮ್ಮ ಮಾತು."

ಎಲೆಯಡಿಕೆ ತಟ್ಟೆ ಮುಂದೆ ಸರಿಸುತ್ತಿದ್ದ ಆಕೆಯ ಕೈ ಅಲ್ಲೇ ನಿಂತಿತು. ರೇವಣಸಿದ್ದಪ್ಪ ರೂಢಿಯಂತೆ ಜೇಬಿಗೆ ಕೈ ಹಾಕಿ ಫೋನು ತೆಗೆದರು, ಆದರೆ "ಹಚ್ಲೇನು?" ಅನ್ನಲಿಲ್ಲ. ಅನ್ನಬೇಕಾಗಲೂ ಇಲ್ಲ. ಗೊಲ್ಲಾಳಮ್ಮನವರ ಮುಖ ನಮ್ಮ ಕಣ್ಣೆದುರಿಗೇ ಸಣ್ಣದಾಯಿತು.

"ಅಂದಿರಬೇಕು ಬಿಡ್ರಿ. ಮಾತಿನ ಭರದಾಗ ಬಂದಿರ್ತದ," ಎಂದರು. "ಅಂದೀನಿ ಅಂದಮ್ಯಾಲ ಆಯ್ತು, ಮಾಡ್ಲಿ."

ಗೆದ್ದೆವು ಅಂದುಕೊಂಡೆ. ಅಷ್ಟರಲ್ಲಿ ಅಲ್ಲಿಯತನಕ ಸುಮ್ಮನಿದ್ದ ಬಸವಲಿಂಗ ಬಾಯಿ ತೆರೆದ. "ತಡೀರಿ. ಅವ್ವ ಏನಂದಾಳ ಅಂತ ನಾನೂ ಕೇಳ್ಬೇಕು. ಹಚ್ರಿ ಕಾಕಾ."

ಬ್ಯಾಟರಿ ಹೋಗಿದೆ ಅನ್ನಿ ಎಂದು ನಾನು ಮನಸ್ಸಿನಲ್ಲೇ ಕೂಗಿಕೊಂಡೆ. ಆ ಒಂದು ಸುಳ್ಳು ಸಾಕಿತ್ತು, ಮಾತು ಅಲ್ಲಿಗೇ ಮುಗಿಯುತ್ತಿತ್ತು. ರೇವಣಸಿದ್ದಪ್ಪ ಫೋನನ್ನು ನೋಡಿದರು, ಕಲ್ಪನಾಳನ್ನು ನೋಡಿದರು.

"ಇದರಾಗ ರೆಕಾರ್ಡ್ ಆಗಂಗಿಲ್ಲಪ್ಪ. ಸುಮ್ಮ ಹೆದರಸ್ತಿದ್ದೆ," ಎಂದರು. "ಆದ್ರ ಅಕ್ಕಾರು ಅಂದದ್ದು ಖರೆ. ನನ್ನ ಕಿವಿಲೆ ಕೇಳೀನಿ."

ಗೊಲ್ಲಾಳಮ್ಮನವರಿಗೆ ಹೋದ ಜೀವ ಬಂತು. "ನೋಡ್ರಿ, ನೋಡ್ರಿ! ಇಲ್ಲದ್ದು ಅದ ಅಂತ ಹೆದರಿಸಿ ನನ್ನ ಬಾಯಿಲೆ ಹೂಂ ಅನಸಾಕ ನಿಂತಾರ! ನಾ ಹಂಗ ಅಂದ ಇಲ್ಲ!"

ಈಗತಾನೆ ತಾಯಿ ಒಪ್ಪಿಕೊಂಡದ್ದನ್ನು ಬಸವಲಿಂಗನೂ ಕೇಳಿದ್ದ. ಒಂದು ಮಾತು ಆಡಬಹುದಿತ್ತು. ಆಡದೆ ನೆಲ ನೋಡುತ್ತ ಕೂತ. ಅವನ ಮೇಲೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಕಲ್ಪನಾ ಅವನನ್ನು ನೋಡಿದಳು. ಆಮೇಲೆ ಉಂಗುರ ತೆಗೆದು ಎಲೆಯಡಿಕೆ ತಟ್ಟೆಯಲ್ಲಿಟ್ಟು, "ಬರ್ತೀನ್ರಿ" ಎಂದು ಎದ್ದಳು. ನೌಕರಿಯೇನು ದೊಡ್ಡದು, ಕೂತುಕೋ ಎಂದು ಅಪ್ಪ ಅಂದರೂ ನಿಲ್ಲಲಿಲ್ಲ.

ದಾರಿಯುದ್ದಕ್ಕೂ ನೀಲಕಂಠಪ್ಪ ರೇವಣಸಿದ್ದಪ್ಪನವರ ಕಡೆ ತಿರುಗಿ ನೋಡಲಿಲ್ಲ. ಬಸ್ಸಿನಿಂದ ಇಳಿಯುವಾಗ ಮಾತ್ರ, "ನಿನ್ನ ಫೋನ್ ನಂಬಿ ಮಗಳ ಬಾಯಿ ಮುಚ್ಚಿಸಿದ್ನಲ್ಲೋ," ಎಂದರು. ಸುದ್ದಿ ಹಬ್ಬಲು ಹೊತ್ತು ಹಿಡಿಯಲಿಲ್ಲ. ಚಹಾದಂಗಡಿಯಲ್ಲಿ ಹುಡುಗರು ಇವರನ್ನು ಕಂಡರೆ ಜೇಬಿಗೆ ಕೈ ಹಾಕಿ "ಹಚ್ಲೇನು?" ಎಂದು ನಗತೊಡಗಿದರು. ರೇವಣಸಿದ್ದಪ್ಪ ಊರೂರು ತಿರುಗುವುದು ಬಿಟ್ಟು ಅಂಗಡಿಯಲ್ಲಿ ತಂಬಿಗೆ ಒರೆಸುತ್ತ ಕೂತರು. ಒರೆಸಿದ್ದನ್ನೇ ಮತ್ತೆ ಒರೆಸುತ್ತಿದ್ದರು. ಆ ಮನುಷ್ಯ ಯಾರ ಕೇಡನ್ನೂ ಬಯಸಿದವರಲ್ಲ.

ಕಡೆಗೆ ಒಂದು ರವಿವಾರ ನನ್ನನ್ನು ಕರೆದುಕೊಂಡು ಮನ್ಸೂರಅಲಿಯ ಅಂಗಡಿಗೆ ಹೋದರು. ಐಫೋನ್ ಕೊಟ್ಟು, ಮೊದಲಿನಂಥದ್ದೇ ಸದ್ದಿಲ್ಲದೆ ರೆಕಾರ್ಡ್ ಮಾಡುವ ಹಳೆಯ ಆಂಡ್ರಾಯ್ಡ್ ಒಂದನ್ನು ತೆಗೆದುಕೊಳ್ಳುವುದೆಂದು ನಿರ್ಧಾರವಾಗಿತ್ತು. ಮನ್ಸೂರಅಲಿ ಹುಡುಕಿ ತರಿಸಿದ್ದ. ಅದು ಕೌಂಟರಿನ ಮೇಲಿತ್ತು, ಇವರು ಒತ್ತಿ ನೋಡುತ್ತಿದ್ದರು. ಆಗ ಕಲ್ಪನಾ ಬಂದಳು. ಬಿಡುವಿನ ದಿನ ಊರಿಗೆ ಹೊರಟವಳು ಕಾಕಾನನ್ನು ಮಾತಾಡಿಸಿ ಹೋಗೋಣವೆಂದು ಪಾತ್ರೆ ಅಂಗಡಿಗೆ ಹೋಗಿ, ಬಸವೇಶ್ವರಿಯಿಂದ ವಿಷಯ ತಿಳಿದು ಇಲ್ಲಿಗೆ ಬಂದಿದ್ದಳು.

"ಇದ್ಯಾಕ ಕಾಕಾ, ಫೋನ್ ಬದಲಿ ಮಾಡಾಕತ್ತೀರಿ?"

ರೇವಣಸಿದ್ದಪ್ಪನವರಿಗೆ ಅವಳ ಮುಖ ನೋಡಲಾಗಲಿಲ್ಲ. "ನನ್ನ ನಂಬಿ ನೀ ಕೆಟ್ಟಿ ತಾಯಿ. ಇನ್ನೊಬ್ಬರ ಮಗಳಿಗಿ ಹಿಂಗ ಆಗಬಾರದು. ಅವತ್ತ ಇಂಥಾದು ಒಂದು ನನ್ನ ಕೈಯಾಗ ಇದ್ದಿದ್ರ, ಅವರು ಒಪ್ಪಲೇಬೇಕಾಗ್ತಿತ್ತು."

"ಹೌದು, ಒಪ್ತಿದ್ರು. ನಾ ಗೆದ್ದೆ ಅಂತ ಖುಷಿಲೆ ಅವರ ಮನಿಗಿ ಹೋಗ್ತಿದ್ದೆ," ಎಂದಳು ಕಲ್ಪನಾ. "ಆಮ್ಯಾಲ ದಿನಾ ಒಂದೊಂದು ಮಾತಿಗೂ ನಿಮ್ಮ ಫೋನ್ ಎಲ್ಲಿಂದ ತರ್ತಿದ್ದೆ ಕಾಕಾ?"