ಹಾಲಿನ ಪ್ಯಾಕೆಟ್ಟು ಹಿಡಿದ ಫೋಟೋ

ನನ್ನದು ಅನುಮಾನದ ಸ್ವಭಾವ. ಬೀಗ ಹಾಕಿ ಬೀದಿಯ ಕೊನೆಯವರೆಗೆ ಹೋದವನು ವಾಪಸ್ ಬಂದು ಅದನ್ನು ಎಳೆದು ನೋಡುತ್ತೇನೆ. ಹಲಸೂರಿನ ಮಾರ್ಕೆಟ್ಟಿನಲ್ಲಿ ಟೊಮೇಟೊ ತೂಗಿಸುವಾಗ ನನ್ನ ಕಣ್ಣು ಟೊಮೇಟೊ ಮೇಲಿರುವುದಿಲ್ಲ, ಅಂಗಡಿಯವನ ಕೈ ಮೇಲಿರುತ್ತದೆ. ಇಂಥವನು ಕ್ಯಾಮೆರಾ ಕೊಂಡರೆ ಏನಾಗಬೇಕೋ ಅದೇ ಆಯಿತು. ಕ್ಯಾಮೆರಾ ತಾನೇ ಮಾಡಿಕೊಡುವ ಫೋಟೋವನ್ನು ನಂಬದೆ ರಾ ಫೈಲುಗಳ ಹಿಂದೆ ಬಿದ್ದೆ. ರಾ ಅಂದರೆ ಕ್ಯಾಮೆರಾ ತಾನು ಕಂಡದ್ದನ್ನು ಬೇಯಿಸದೆ, ಉಪ್ಪು ಖಾರ ಹಾಕದೆ, ಹಸಿಯಾಗಿ ಕೈಗಿಡುವ ಫೈಲು. ಅಡುಗೆಯನ್ನು ನಾವೇ ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬೇಕು. ಅದಕ್ಕೊಂದು ಸಾಫ್ಟ್‌ವೇರ್ ಬೇಕು. ಯಾವುದನ್ನು ನಂಬುವುದು ಎಂಬುದು ಮೊದಲು ನನ್ನೊಬ್ಬನ ತಲೆನೋವಾಗಿತ್ತು. ತಂಗಿಯ ಮದುವೆಯ ಮಾತು ಬಂದ ಮೇಲೆ ಮನೆಯವರೆಲ್ಲರ ತಲೆನೋವಾಯಿತು.

ತಂಗಿ ಕಪ್ಪು. ತೀರಿಕೊಂಡ ಅಪ್ಪನ ಬಣ್ಣ, ಅಪ್ಪನ ಹುಬ್ಬು. ಗರುಡಾಚಾರ್‌ಪಾಳ್ಯದಲ್ಲಿ ಪೇಂಟ್ ತಯಾರಿಸುವ ಒಂದು ಕಾರ್ಖಾನೆಯಲ್ಲಿ ಅವಳಿಗೆ ಬಣ್ಣ ತಾಳೆ ನೋಡುವ ಕೆಲಸ. ಹೊಸ ಬ್ಯಾಚಿನ ಬಣ್ಣವನ್ನು ತಗಡಿನ ಮೇಲೆ ಬಳಿದು, ಹಳೆಯ ಸ್ಯಾಂಪಲ್ ಪಕ್ಕದಲ್ಲಿಟ್ಟು, ಪಾಸ್ ಅಥವಾ ಫೇಲ್ ಅನ್ನುತ್ತಾಳೆ. ದಿನವಿಡೀ ಬಣ್ಣಗಳಿಗೆ ತೀರ್ಪು ಹೇಳುವವಳನ್ನು ಕೂರಿಸಿ ಅವಳ ಬಣ್ಣಕ್ಕೇ ತೀರ್ಪು ಹೇಳಿ ಹೋದವರಿದ್ದರು.

ಅದು ನಡೆದದ್ದು ಹೀಗೆ. ಅಮ್ಮ ಅವಳನ್ನು ಒಂದು ಸ್ಟುಡಿಯೋಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿದ್ದಳು. ಸ್ಟುಡಿಯೋದವನು ಕೇಳದೆಯೇ ಬೆಳ್ಳಗೆ ಮಾಡಿ ಕೊಟ್ಟಿದ್ದ. ಹೊರಮಾವಿನಿಂದ ಹುಡುಗನ ಕಡೆಯವರು ಬಂದರು, ಕೇಸರಿಬಾತು ತಿಂದರು. ಹುಡುಗನ ಅತ್ತಿಗೆ ಫೋನ್ ತೆಗೆದು ಫೋಟೋ ನೋಡಿದಳು, ತಂಗಿಯನ್ನು ನೋಡಿದಳು, ಮತ್ತೆ ಫೋನ್ ನೋಡಿದಳು. ಪಕ್ಕದವರಿಗೂ ತೋರಿಸಿದಳು. ತಂಗಿ ತಲೆ ತಗ್ಗಿಸದೆ ಕೂತಿದ್ದಳು. ಆಮೇಲೆ ಆ ಸಂಬಂಧ ತಂದಿದ್ದ ದೊಡ್ಡಮ್ಮನ ಮೂಲಕ ಉತ್ತರ ಬಂತು: ಫೋಟೋದಲ್ಲಿ ಬೇರೆ ಥರ ಇದ್ದರು. ಆ ದಿನ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ತಂಗಿ ಅಳಲಿಲ್ಲ. ನನ್ನ ಮೇಜಿನ ಹತ್ತಿರ ಬಂದು ನಿಂತಳು.

"ಅಣ್ಣ, ನಾನು ಹೆಂಗಿದೀನೋ ಹಂಗೇ ಒಂದು ಫೋಟೋ ತೆಗೆದ್ಕೊಡು. ಅದನ್ನ ನೋಡಿ ಬರೋರು ಬರ್ಲಿ. ಇನ್ನೊಂದ್ಸಲ ಯಾರಾದ್ರೂ ನನ್ನ ಮುಖದ ಪಕ್ಕ ಫೋನ್ ಹಿಡಿದ್ರೆ ನನಗೆ ಮದುವೆನೇ ಬೇಡ."

ಅವಳು ಆಡಿದ ಮಾತು ತಪ್ಪುವವಳಲ್ಲ. ಅಮ್ಮನಿಗೂ ಅದು ಗೊತ್ತಿತ್ತು.

ಒಂದು ಭಾನುವಾರ ಬೆಳಿಗ್ಗೆ ಅವಳನ್ನು ತಾರಸಿಯ ನೆರಳಿನಲ್ಲಿ ಕೂರಿಸಿ ಫೋಟೋ ತೆಗೆದೆ. ತಿಂಗಳ ಬಾಡಿಗೆಗೆ ಸಿಗುವ ಒಂದು ಸಾಫ್ಟ್‌ವೇರಿನಲ್ಲಿ ತೆರೆದೆ. ಪರದೆಯ ಮೇಲೆ ತಂಗಿ ಕಾಣಿಸಿದಳು, ಗುಲಾಬಿ ಕೆನ್ನೆಯವಳು. ಕಣ್ಣು ಮಿಟುಕಿಸುವಷ್ಟರಲ್ಲಿ ಚಿತ್ರ ತಾನಾಗಿಯೇ ಬದಲಾಯಿತು. ಈಗ ಅವಳು ಕಿತ್ತಳೆ ಬಣ್ಣಕ್ಕೆ ತಿರುಗಿದ್ದಳು. ನಾನು ಮೌಸ್ ಕೂಡ ಮುಟ್ಟಿರಲಿಲ್ಲ. ಮುಚ್ಚಿ ಮತ್ತೆ ತೆರೆದೆ. ಮತ್ತೆ ಗುಲಾಬಿ, ಮತ್ತೆ ಕಿತ್ತಳೆ. ನನ್ನ ಬೆನ್ನ ಹಿಂದೆ ಏನೋ ನಡೆಯುತ್ತಿದೆ ಅನ್ನಿಸಿತು. ಈ ಪ್ರೋಗ್ರಾಮು ಬರೆದವರು ಮನುಷ್ಯರ ಮುಖವನ್ನು ಗುರುತಿಸಿ ಅದಕ್ಕೆ ಗುಟ್ಟಾಗಿ ಬಣ್ಣ ಬಳಿಯುತ್ತಿದ್ದಾರೆಂದು ನಾನು ಖಂಡಿತವಾಗಿ ನಂಬಿದೆ.

ಶಿವಾಜಿನಗರದಲ್ಲಿ ನನಗೊಬ್ಬ ಗೆಳೆಯನಿದ್ದಾನೆ, ಮದುವೆ ಆಲ್ಬಮ್ಮುಗಳ ಎಡಿಟಿಂಗ್ ಅವನ ಕಸುಬು. ಅವನ ಅಂಗಡಿಗೆ ಹೋಗಿ ದೂರು ಹೇಳಿದೆ. ಅವನು ನಕ್ಕು ವಿಷಯ ಬಿಡಿಸಿ ಹೇಳಿದ. ರಾ ಫೈಲಿನ ಹೊಟ್ಟೆಯಲ್ಲಿ ಕ್ಯಾಮೆರಾ ತಾನೇ ಮಾಡಿಟ್ಟ ಒಂದು ಚಿಕ್ಕ ಫೋಟೋ ಇರುತ್ತದೆ. ಸಾಫ್ಟ್‌ವೇರ್ ಮೊದಲು ಅದನ್ನು ತೋರಿಸಿ, ಆಮೇಲೆ ತನ್ನ ಅಡುಗೆ ಬಡಿಸುತ್ತದೆ. ಹಾಗಾದರೆ ಯಾವುದು ನಿಜ ಎಂದು ಕೇಳಿದೆ. ಎರಡೂ ಅಂದಾಜು ಅಂದ. ಈ ಉತ್ತರ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಷ್ಟರಲ್ಲಿ ಅವನ ಪರದೆಯ ಕಡೆ ನೋಡಿದರೆ ಒಬ್ಬ ಮದುಮಗಳ ಮುಖಕ್ಕೆ ಅವನೇ ಸುಣ್ಣ ಹೊಡೆಯುತ್ತಿದ್ದ.

"ಯಾರು ಹೇಳಿದ್ರು ಮಾಡು ಅಂತ?" ಅಂದೆ.

"ಯಾರೂ ಹೇಳಲ್ಲ ಗುರು," ಅಂದ ಅವನು. "ಆದ್ರೆ ಮಾಡ್ದೇ ಕೊಟ್ರೆ ಆಲ್ಬಮ್ ವಾಪಸ್ ಬರುತ್ತೆ. ನಮ್ಮ ಅಕ್ಕನ ಮದುವೆ ಆಲ್ಬಮ್ಮೇ ವಾಪಸ್ ಬಂತು."

ಹೊರಡುವಾಗ ಒಂದು ಪೆನ್‌ಡ್ರೈವ್ ಕೊಟ್ಟು, ಬಾಡಿಗೆಯ ಸಾಫ್ಟ್‌ವೇರ್ ಇದರಲ್ಲಿ ಬಿಟ್ಟಿಯಾಗಿದೆ, ಹಾಕಿಕೋ ಅಂದ. ಬೇಡವೆಂದು ಅಲ್ಲೇ ಇಟ್ಟು ಬಂದೆ. ಗೆಳೆಯ ಬೇರೆ, ಅವನ ಪೆನ್‌ಡ್ರೈವ್ ಬೇರೆ.

ಮುಂದೆ ಹಿಡಿದದ್ದು ಇನ್ನೊಂದು ಸಾಫ್ಟ್‌ವೇರ್. ಯಾರೋ ಪುಣ್ಯಾತ್ಮರು ಸೇರಿ ಮಾಡಿ, ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟದ್ದು. ಪುಕ್ಕಟೆ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಗುತ್ತದೆ. ಇವರಿಗೇನು ಲಾಭ ಎಂದು ಯೋಚಿಸುತ್ತಲೇ ತೆರೆದೆ. ವಿಮಾನ ಓಡಿಸುವವರ ಮುಂದಿರುವಷ್ಟು ಬಟನ್ನುಗಳು. ತಂಗಿ ನೆತ್ತಿಯಿಂದ ಪಾದದವರೆಗೆ ನೇರಳೆ ಬಣ್ಣದಲ್ಲಿದ್ದಳು. ಬಹಳ ಹುಡುಕಿದ ಮೇಲೆ ತಿಳಿದದ್ದು, ನನ್ನ ಕ್ಯಾಮೆರಾ ಹೊಸದು, ನಾನು ಹಾಕಿಕೊಂಡ ಸಾಫ್ಟ್‌ವೇರ್ ಹಳೆಯದು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಹೊಸದನ್ನು ಇಳಿಸಿಕೊಂಡೆ. ನೇರಳೆ ಹೋಯಿತು, ಅರಿಶಿನ ಬಂತು. ಸಂಜೆಯವರೆಗೆ ಆ ಅರಿಶಿನದ ಜೊತೆ ಗುದ್ದಾಡಿದೆ. ಕೊನೆಗೆ ನೋಡಿದರೆ ಅದು ಫೋಟೋದಲ್ಲೇ ಇರಲಿಲ್ಲ. ಕಣ್ಣಿಗೆ ತಂಪಾಗಲೆಂದು ಲ್ಯಾಪ್‌ಟಾಪಿನ ಪರದೆಯನ್ನೇ ಹಳದಿ ಮಾಡುವ ಒಂದು ಸೌಲಭ್ಯವಿದೆ, ಅದು ಆನ್ ಆಗಿತ್ತು. ಆನ್ ಮಾಡಿದ್ದು ನಾನೇ ಇರಬೇಕು. ಆದರೂ ಅಮ್ಮನನ್ನು ಒಂದು ಮಾತು ಕೇಳಿಯೇಬಿಟ್ಟೆ.

ಕ್ಯಾಮೆರಾ ಕಂಪನಿಯದೇ ಸಾಫ್ಟ್‌ವೇರನ್ನೂ ಹಾಕಿ ನೋಡಿದೆ. ಎತ್ತಿನಗಾಡಿಯಂತೆ ಸಾಗುವ ಅದು ಮತ್ತೆ ಆ ಗುಲಾಬಿ ಕೆನ್ನೆಯವಳನ್ನೇ ತೋರಿಸಿತು. ಕ್ಯಾಮೆರಾದ ಒಳಗೇ ಮುಖಗಳಿಗೆಂದು ಒಂದು ಶೈಲಿ ಆರಿಸಿಟ್ಟಿತ್ತು. ಅಂಗಡಿಯಿಂದ ಬಂದಾಗಿನಿಂದ ಹಾಗೆಯೇ ಇತ್ತೋ ಏನೋ. ಅದನ್ನು ತೆಗೆದುಹಾಕಿದೆ. ಈಗ ಗುಲಾಬಿಯೂ ಹೋಗಿ ಬೂದಿ ಬಳಿದಂತಾದಳು. ಮೂರು ಸಾಫ್ಟ್‌ವೇರು, ಮೂರು ತಂಗಿಯರು, ನನ್ನ ತಂಗಿ ಮಾತ್ರ ಎಲ್ಲೂ ಇಲ್ಲ.

ನನ್ನ ಪಾಡು ನೋಡಿ ತಂಗಿಯೇ ಮಧ್ಯೆ ಬಂದಳು. ಪಕ್ಕದಲ್ಲಿ ಸ್ಯಾಂಪಲ್ ಇಲ್ಲದೆ ಯಾವ ಬಣ್ಣವನ್ನೂ ತಾಳೆ ನೋಡಲಾಗದು, ನಮ್ಮಲ್ಲಿ ಹಾಗೆ ಮಾಡಿದರೆ ಕೆಲಸದಿಂದ ತೆಗೆಯುತ್ತಾರೆ ಅಂದಳು. ಬಣ್ಣ ಖಚಿತವಾಗಿ ಗೊತ್ತಿರುವ ಒಂದು ವಸ್ತು ಫೋಟೋದಲ್ಲೇ ಇರಬೇಕು, ಆ ವಸ್ತು ಸರಿಯಾದರೆ ಉಳಿದದ್ದೂ ಸರಿಯಾಗುತ್ತದೆ. ಅಡುಗೆಮನೆಗೆ ಹೋಗಿ ಬೆಳಗಿನ ಹಾಲಿನ ಪ್ಯಾಕೆಟ್ಟು ತಂದಳು. ನೀಲಿ ಪ್ಯಾಕೆಟ್ಟು. ಈ ಊರಿನಲ್ಲಿ ಕಣ್ಣುಜ್ಜಿಕೊಂಡು ಬಾಗಿಲು ತೆರೆದವರೆಲ್ಲ ಮೊದಲು ನೋಡುವ ನೀಲಿ ಅದು.

ಹೀಗೆ ಅವಳು ತಾರಸಿಯ ಮೇಲೆ ಮಾವಿನಕಾಯಿ ಬಣ್ಣದ ಸೀರೆಯುಟ್ಟು, ಎದೆಯ ಹತ್ತಿರ ಹಾಲಿನ ಪ್ಯಾಕೆಟ್ಟು ಹಿಡಿದು ಕೂತಳು. ಪಕ್ಕದ ಮನೆಯವರು ಬಟ್ಟೆ ಒಣಹಾಕುವುದನ್ನು ಬಿಟ್ಟು ನೋಡಿದರು. ಆ ಫೋಟೋವನ್ನು ಪುಕ್ಕಟೆ ಸಾಫ್ಟ್‌ವೇರಿನಲ್ಲೇ ತೆರೆದು, ನಿಜವಾದ ಪ್ಯಾಕೆಟ್ಟನ್ನು ಪರದೆಯ ಪಕ್ಕ ಹಿಡಿದು, ಎರಡೂ ನೀಲಿ ಒಂದಾಗುವವರೆಗೆ ಬಣ್ಣ ಸರಿಪಡಿಸಿದೆ. ಒಂದಾದ ಕ್ಷಣ ಪರದೆಯ ಮೇಲೆ ತಂಗಿ ಬಂದಳು. ಅಪ್ಪನ ಬಣ್ಣ, ಕೆನ್ನೆಯ ಮೇಲೆ ಬೆಳಗಿನ ಬೆಳಕು. ಅಮ್ಮ ಬಂದು ನೋಡಿ, ಚೆನ್ನಾಗಿದ್ದಾಳೆ ಕಣೋ ಅಂದಳು. ಪ್ಯಾಕೆಟ್ಟು ಕಾಣದಂತೆ ಕೆಳಭಾಗ ಕತ್ತರಿಸಿ ದೊಡ್ಡಮ್ಮನಿಗೆ ಕಳಿಸಿದೆವು.

ದೊಡ್ಡಮ್ಮ ಅದನ್ನು ಕೆ.ಆರ್. ಪುರದ ಒಂದು ಮನೆಗೆ ತಲುಪಿಸಿದಳು. ಹುಡುಗ ಕಾಲೇಜಿನಲ್ಲಿ ಗಣಿತದ ಮೇಷ್ಟ್ರು. ಅವನ ಫೋಟೋ ಮೊದಲೇ ನಮಗೆ ಬಂದಿತ್ತು. ಅದನ್ನು ಕಂಡ ಕೂಡಲೇ ತಂಗಿ, ಮುಖ ಒಂದು ಬ್ಯಾಚು, ಕತ್ತು ಇನ್ನೊಂದು ಬ್ಯಾಚು ಎಂದಿದ್ದಳು. ನಾನು ದೊಡ್ಡದು ಮಾಡಿ ನೋಡಿದೆ. ಕಿವಿಯಂತೂ ಮೂರನೆಯ ಬ್ಯಾಚು.

ಎರಡು ದಿನ ಬಿಟ್ಟು ದೊಡ್ಡಮ್ಮ ಫೋನ್ ಮಾಡಿದಳು. ನಾನು ಸ್ಪೀಕರ್ ಹಾಕಿದೆ, ಹಾಕಬಾರದಿತ್ತು.

"ನಿಜ ಹೇಳೋ, ಇದು ಎಷ್ಟು ಬೆಳ್ಳಗೆ ಮಾಡಿರೋದು? ಎಲ್ಲಾರೂ ಬೆಳ್ಳಗೆ ಮಾಡೇ ಕಳಿಸ್ತಾರೆ. ಫೋಟೋದಲ್ಲೇ ಇಷ್ಟು ಕಪ್ಪು ಅಂದ್ರೆ ಎದುರಿಗೆ ಎಷ್ಟಿರ್ತಾಳೋ ಅಂತ ಹುಡುಗನ ತಾಯಿ ಕೇಳ್ತಾವ್ರೆ."

ಅಷ್ಟು ದಿನ ಸಾಫ್ಟ್‌ವೇರುಗಳನ್ನೆಲ್ಲ ಅನುಮಾನಿಸಿದ ನಾನು ಈ ಒಂದನ್ನು ಯೋಚಿಸಿರಲಿಲ್ಲ. ಎಲ್ಲರೂ ಸುಳ್ಳು ಕಳಿಸುವ ಕಡೆ, ನೋಡುವವರು ತಾವೇ ಒಂದಿಷ್ಟು ಬಿಳುಪನ್ನು ಕಳೆದು ನೋಡುತ್ತಾರೆ. ನಿಜ ಕಳಿಸಿದವರ ಲೆಕ್ಕದಲ್ಲೂ ಕಳೆಯುತ್ತಾರೆ. ಅಷ್ಟು ಕಷ್ಟಪಟ್ಟು ತಂದ ನನ್ನ ತಂಗಿಯನ್ನು ಅವರು ಮನಸ್ಸಿನಲ್ಲೇ ಇನ್ನಷ್ಟು ಕಪ್ಪು ಮಾಡಿ ನೋಡಿದ್ದರು. ನನ್ನಂಥ ಅನುಮಾನದವನೇ ಆ ಮನೆಯಲ್ಲೂ ಒಬ್ಬನಿರಬೇಕು ಅನ್ನಿಸಿ ಮೈ ಉರಿಯಿತು.

ಅಮ್ಮ ಮೆಲ್ಲಗೆ, ಅವರು ಕಳೆಯುವಷ್ಟನ್ನು ನಾವು ಕೂಡಿಸಿ ಕಳಿಸಿದರೆ ಸರಿಹೋಗುತ್ತದಲ್ಲ, ಒಂದೇ ಒಂದು ಚೂರು, ಎಂದಳು. ಲೆಕ್ಕ ತಪ್ಪಿರಲಿಲ್ಲ, ಅದಕ್ಕೇ ನನಗೆ ಭಯವಾಯಿತು. ತಂಗಿ ಊಟದ ತಟ್ಟೆಯಿಂದ ಎದ್ದು ಬಂದಳು.

"ಹಂಗಾದ್ರೆ ಆ ಫೋಟೋದಲ್ಲಿರೋಳಿಗೇ ಮದುವೆ ಮಾಡಮ್ಮ. ನಾನು ಬಂದು ಊಟ ಮಾಡ್ಕೊಂಡು ಹೋಗ್ತೀನಿ."

ಅಮ್ಮ ಬಾಯಿಗೆ ಸೆರಗು ಹಿಡಿದಳು, ನಗುವೋ ಅಳುವೋ ತಿಳಿಯಲಿಲ್ಲ. ತಂಗಿ ನನ್ನ ಕಡೆ ತಿರುಗಿ, ಕತ್ತರಿಸದೆ ಇರುವ ಫೋಟೋ ಕಳಿಸು ಅಂದಳು. ಪ್ಯಾಕೆಟ್ಟು ಸಮೇತವಾಗಿ. ಅವರ ಮನೆಗೂ ಅದೇ ಹಾಲು ಬರುತ್ತದೆ, ಪಕ್ಕದಲ್ಲಿ ಹಿಡಿದು ನೋಡಿಕೊಳ್ಳಲಿ. ಹಾಲು ಮಾರುವವಳೆಂದು ತಿಳಿಯುತ್ತಾರೆ ಎಂದು ಅಮ್ಮ ಗೊಣಗಿದಳು. ನಾನು ಕಳಿಸಿದೆ.

ಆಮೇಲೆ ದೊಡ್ಡಮ್ಮನ ಕಡೆಯಿಂದ ಮಾತಿಲ್ಲ. ಅವಳು ಮುಂದೆ ಕಳಿಸಿಯೇ ಇಲ್ಲ, ಗುಟ್ಟಾಗಿ ಬೇರೆ ಯಾವುದೋ ಬೆಳ್ಳಗಿನದನ್ನು ಕಳಿಸಿದ್ದಾಳೆ ಎಂದು ನಾನು ಅನುಮಾನಪಟ್ಟೆ. ಹುಡುಗನ ಮನೆಯವರು ನಕ್ಕು ಹತ್ತು ಜನಕ್ಕೆ ಹಂಚಿದ್ದಾರೆ ಎಂದೂ ಅನುಮಾನಪಟ್ಟೆ. ತಂಗಿ ಎಂದಿನಂತೆ ಕೆಲಸಕ್ಕೆ ಹೋಗಿಬಂದಳು, ಆದರೆ ಫೋನ್ ಸದ್ದಾದಾಗಲೆಲ್ಲ ಅವಳ ಕೈ ಒಂದು ಕ್ಷಣ ನಿಲ್ಲುತ್ತಿತ್ತು. ಅದನ್ನು ನೋಡಲು ನನಗೆ ಸಂಕಟವಾಗುತ್ತಿತ್ತು.

ಆ ವಾರದ ಕೊನೆಗೆ ದೊಡ್ಡಮ್ಮನಿಂದ ನನ್ನ ಫೋನಿಗೆ ಒಂದು ಫೋಟೋ ಬಂತು. ತಾರಸಿ, ಹಿಂದೆ ಕಪ್ಪು ನೀರಿನ ಟ್ಯಾಂಕು, ಮುಂದೆ ಇಸ್ತ್ರಿ ಕಾಣದ ಅಂಗಿ ತೊಟ್ಟ ಒಬ್ಬ ಮನುಷ್ಯ. ಅವನ ಕೈಯಲ್ಲಿ ನೀಲಿ ಹಾಲಿನ ಪ್ಯಾಕೆಟ್ಟು. ಗಣಿತದ ಮೇಷ್ಟ್ರೇ. ಮುಖ, ಕತ್ತು, ಕಿವಿ ಎಲ್ಲ ಒಂದೇ ಬಣ್ಣ, ಬಹುತೇಕ ನನ್ನ ತಂಗಿಯದೇ ಬಣ್ಣ. ಕೆಳಗೆ ಒಂದು ಸಾಲು: "ಮೊದಲು ಕಳಿಸಿದ್ದು ಸ್ಟುಡಿಯೋದ್ದು, ಕ್ಷಮಿಸಿ. ಇದು ನಂದು."

ನಾನು ನಂಬಲಿಲ್ಲ. ಲ್ಯಾಪ್‌ಟಾಪಿಗೆ ಹಾಕಿ ದೊಡ್ಡದು ಮಾಡಿದೆ, ಅಂಚುಗಳನ್ನು ನೋಡಿದೆ, ನೆರಳು ಸರಿಯಾದ ಕಡೆ ಬಿದ್ದಿದೆಯೇ ನೋಡಿದೆ. ತಂಗಿ ಅಡುಗೆಮನೆಯಲ್ಲಿ ತೊಳೆದು ಒಣಗಲಿಟ್ಟ ಖಾಲಿ ಪ್ಯಾಕೆಟ್ಟು ತಂದು ಪರದೆಗೆ ಹಿಡಿದಳು. ಬಹಳ ಹೊತ್ತು ಹಿಡಿದೇ ಇದ್ದಳು.

"ಪಾಸ್," ಅಂದಳು.

ಅವರು ನಮ್ಮ ಮನೆಗೆ ಬಂದ ದಿನ ನಾನು ಕೇಸರಿಬಾತು ಮುಟ್ಟಲಿಲ್ಲ. ನನ್ನ ಕಣ್ಣೆಲ್ಲ ಹುಡುಗನ ತಾಯಿಯ ಕೈ ಮೇಲೆ. ಅವರು ಒಂದು ಸಲ ಬ್ಯಾಗಿಗೆ ಕೈ ಹಾಕಿದರು, ಕರ್ಚೀಫು ಬಂತು. ಇನ್ನೊಂದು ಸಲ ಕೈ ಹಾಕಿದರು, ಫೋನ್ ಬಂತು. ತಂಗಿಯ ಬೆನ್ನು ನೆಟ್ಟಗಾದದ್ದನ್ನು ನಾನು ಕಂಡೆ. ಆಕೆ ಎದ್ದು ತಂಗಿಯ ಪಕ್ಕ ಬಂದು ಕೂತು, ಫೋನನ್ನು ನನ್ನ ಕಡೆ ಚಾಚಿದರು.

"ಆ ಫೋಟೋ ತೆಗ್ದಿದ್ದು ನೀವೇ ಅಲ್ವೇನ್ರೀ? ನಮ್ಮಿಬ್ಬರದ್ದೂ ಒಂದು ತೆಗೀರಿ. ಹೆಂಗಿದೀವೋ ಹಂಗೇ ಬರ್ಲಿ."

ಫೋನ್ ಇಸಕೊಂಡು ಮೊದಲು ಕ್ಯಾಮೆರಾದ ಸೆಟ್ಟಿಂಗ್ ತೆರೆದು ನೋಡಿದೆ. ಮುಖವನ್ನು ಬೆಳ್ಳಗೆ ಮಾಡುವ ಬಟನ್ ಆನ್ ಆಗಿತ್ತು. ಅದನ್ನು ಆಫ್ ಮಾಡಿ, ಇಬ್ಬರೂ ನಗುವವರೆಗೆ ಕಾದು, ತೆಗೆದೆ.